ಮಗಳ ಮುಖದ ಕೆಂಪು ಮಚ್ಚೆ, ದೊಡ್ಡದಾಗುತ್ತಿರುವ ಎಡಗಣ್ಣು

ಪ್ರಶ್ನೆ: ಮೇಡಂ, ನಮ್ಮದು ಸೇಡಂ ತಾಲೂಕಿನ ಒಂದು ಹಳ್ಳಿ. ನನ್ನ ಮಗಳಿಗೆ ಈಗ ಏಳು ತಿಂಗಳು. ಹುಟ್ಟಿದಾಗಿನಿಂದಲೇ ಮುಖದ ಎಡಗಡೆ ಕೆಂಪು ಮಚ್ಚೆ ಇದೆ. ಹಣೆಯಿಂದ ಶುರುವಾಗಿ, ಮೇಲಿನ ರೆಪ್ಪೆಯನ್ನೆಲ್ಲ ಹಿಡಿದು, ಕೆನ್ನೆವರೆಗೆ ಬಂದಿದೆ. ಹೆರಿಗೆ ಆದ ಕಡೆ 'ತಾನಾಗಿ ಮಾಸುತ್ತದೆ' ಅಂದಿದ್ದರು. ಮಾಸಿಲ್ಲ. ನಮ್ಮ ಅತ್ತೆ, 'ಗ್ರಹಣದಾಗ ಹೊರಗ ಬಂದಿದಿ, ಅದಕ್ಕೇ ಹಿಂಗ ಆಗ್ಯಾದ' ಅಂತ ದಿನಾ ಅನ್ನುತ್ತಾರೆ. ಎರಡು ತಿಂಗಳಿಂದ ಮಗುವಿನ ಎಡಗಣ್ಣಲ್ಲಿ ನೀರು ಬರುತ್ತಿದೆ. ಬಾಗಿಲ ಹತ್ತಿರ ಎತ್ತಿಕೊಂಡು ಹೋದರೆ ಮುಖವನ್ನು ನನ್ನ ಹೆಗಲಿಗೆ ಒತ್ತಿಕೊಳ್ಳುತ್ತಾಳೆ. ಎಡಗಣ್ಣು ಬಲಗಣ್ಣಿಗಿಂತ ದೊಡ್ಡದಾಗಿ ಕಾಣುತ್ತದೆ. ಓಣಿಯವರು 'ಲಕ್ಷ್ಮಿ ಕಣ್ಣು ಅದ ಕೂಸಿಗಿ' ಅಂತಾರೆ. ನನಗೆ ಯಾಕೋ ಭಯ. ಮಚ್ಚೆಯಿಂದ ಕಣ್ಣಿಗೆ ತೊಂದರೆ ಆಗುತ್ತಾ? ಲೇಸರ್ ಮಾಡಿಸಿದರೆ ದೃಷ್ಟಿ ಹೋಗುತ್ತದೆ ಅಂತಾರೆ, ನಿಜವಾ? ಎರಡನೇ ಮಗುವಿಗೂ ಹೀಗೇ ಆಗಬಹುದಾ? ಇನ್ನೊಂದು ವಿಷಯ. ನನ್ನ ನಾದಿನಿಗೆ 22 ವರ್ಷ. ಅವಳ ಬಲಗಣ್ಣಿನ ಸುತ್ತ ನೀಲಿ-ಬೂದು ಬಣ್ಣದ ಮಚ್ಚೆ ಇದೆ. ಕಣ್ಣಿನ ಬಿಳಿ ಭಾಗವೂ ಅಲ್ಲಲ್ಲಿ ಬೂದಿ ಬಣ್ಣ. ಮದುವೆ ಮಾತು ನಡೆದಿದೆ ಅಂತ ಮೆಡಿಕಲ್‌ನಿಂದ ಒಂದು ಕ್ರೀಮ್ ತಂದು ಹಚ್ಚುತ್ತಿದ್ದಾಳೆ. ಇಬ್ಬರದೂ ಒಂದೇ ಕಾಯಿಲೆನಾ?

ಉತ್ತರ: ತಂಗಿ, ಮೊದಲು ಒಂದು ಮಾತು. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ. ಮಗಳನ್ನು ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಮುಂದಿನ ತಿಂಗಳು ಬೇಡ, ಹೊಲದ ಕೆಲಸ ಮುಗಿದ ಮೇಲೆ ಬೇಡ. ನೀರು ಸುರಿಯುವುದು, ಬೆಳಕಿಗೆ ಮುಖ ಮುಚ್ಚಿಕೊಳ್ಳುವುದು, ಒಂದು ಕಣ್ಣು ಮಾತ್ರ ದೊಡ್ಡದಾಗುವುದು, ಇವು ಮೂರೂ ರೆಪ್ಪೆಯ ಮೇಲೆ ಕೆಂಪು ಮಚ್ಚೆ ಇರುವ ಕೂಸಿನಲ್ಲಿ ಒಟ್ಟಿಗೆ ಕಂಡರೆ ನಾನು ಒಂದನ್ನೇ ಮೊದಲು ಅನುಮಾನಿಸುತ್ತೇನೆ. ಕಣ್ಣೊಳಗಿನ ಒತ್ತಡ ಏರಿರಬೇಕು. ಇದಕ್ಕೆ ನಾವು ಗ್ಲಾಕೋಮಾ ಅನ್ನುತ್ತೇವೆ. ನಮ್ಮ ಕಡೆ ಹಿರಿಯರು ಕಾಲಾ ಮೋತಿಯಾ ಅಂತಾರಲ್ಲ, ಅದೇ. ಮುದುಕರಿಗೆ ಮಾತ್ರ ಬರುವ ಕಾಯಿಲೆ ಅಲ್ಲ ಅದು. ಹಸುಗೂಸಿಗೂ ಬರುತ್ತದೆ.

ನಿಮಗೆ ಭಯ ಆಗಿದ್ದು ಸರಿಯಾಗಿಯೇ ಇದೆ. ಓಣಿಯವರೆಲ್ಲ ಚೆಂದ ಅಂದರೂ ತಾಯಿಯ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸಿತು. 26 ವರ್ಷದ ನನ್ನ ಕೆಲಸದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಮಗುವಿನ ಕಣ್ಣಿನ ತೊಂದರೆಯನ್ನು ಮೊದಲು ಹಿಡಿಯುವವಳು ತಾಯಿ ಅಥವಾ ಅಜ್ಜಿ. ಡಾಕ್ಟರು ಆಮೇಲೆ.

ಈಗ ಗ್ರಹಣದ ಮಾತು. ನಿಮ್ಮ ಅತ್ತೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅವರ ಅತ್ತೆ ಹೇಳಿದ್ದನ್ನು ಅವರು ಹೇಳುತ್ತಿದ್ದಾರೆ. ಆದರೆ ಅದು ನಿಜ ಅಲ್ಲ. ಈ ಮಚ್ಚೆಗೆ ಕಾರಣ 2013ರಲ್ಲೇ ಸಿಕ್ಕಿದೆ. ಮಗು ಹೊಟ್ಟೆಯಲ್ಲಿ ರೂಪ ತಾಳುವಾಗ, ಬೆಳೆಯುತ್ತಿರುವ ಸಾವಿರಾರು ಜೀವಕೋಶಗಳ ಪೈಕಿ ಒಂದರಲ್ಲಿ ಒಂದು ಸಣ್ಣ ತಪ್ಪು ಆಗುತ್ತದೆ. ಜಿಎನ್‌ಎಕ್ಯು ಅನ್ನುವ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದಂತೆ. ಆ ಜೀವಕೋಶದಿಂದ ಮುಂದೆ ಹುಟ್ಟಿದ ರಕ್ತನಾಳಗಳಷ್ಟೇ ಸಡಿಲವಾಗಿ, ಅಗಲವಾಗಿ ಬೆಳೆಯುತ್ತವೆ. ಅವುಗಳಲ್ಲಿ ತುಂಬಿದ ರಕ್ತವೇ ಚರ್ಮದ ಮೇಲೆ ಕೆಂಪಾಗಿ ಕಾಣುವುದು. ನೀವು ಹೊರಗೆ ಬಂದಿದ್ದಕ್ಕೂ, ತಿಂದಿದ್ದಕ್ಕೂ, ಅತ್ತಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ತಪ್ಪು ನಿಮ್ಮಿಂದ ಬಂದದ್ದಲ್ಲ, ನಿಮ್ಮ ಗಂಡನಿಂದಲೂ ಅಲ್ಲ. ಗರ್ಭ ನಿಂತ ಮೇಲೆ ಆದದ್ದು. ಹಾಗಾಗಿ ಎರಡನೇ ಮಗುವಿನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ: ಬೇರೆ ಯಾವ ಮನೆಯ ಕೂಸಿಗೆ ಎಷ್ಟು ಸಾಧ್ಯತೆಯೋ ನಿಮಗೂ ಅಷ್ಟೇ. ಜಾಸ್ತಿ ಇಲ್ಲ. ಈ ಮಾತನ್ನು ಅತ್ತೆಯವರ ಮುಂದೆ ಜೋರಾಗಿ ಓದಿ. ಬೇಕಾದರೆ ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.

'ತಾನಾಗಿ ಮಾಸುತ್ತದೆ' ಅಂದವರು ಯಾಕೆ ಹಾಗೆ ಅಂದಿರಬಹುದು ಅನ್ನುವುದನ್ನೂ ಹೇಳುತ್ತೇನೆ. ಹುಟ್ಟಿದ ಕೂಸಿನ ಮುಖದ ಕೆಂಪು ಗುರುತುಗಳೆಲ್ಲ ಒಂದೇ ಜಾತಿಯಲ್ಲ. ಬಹಳ ಮಕ್ಕಳಿಗೆ ಎರಡೂ ರೆಪ್ಪೆಯ ಮೇಲೆ, ಹಣೆಯ ನಡುವೆ, ಕುತ್ತಿಗೆಯ ಹಿಂದೆ ತೆಳುವಾದ ಗುಲಾಬಿ ಗುರುತು ಇರುತ್ತದೆ. ಅತ್ತಾಗ ಕೆಂಪಾಗುತ್ತದೆ. ಮುಖದ ಮೇಲಿನದು ಒಂದೆರಡು ವರ್ಷದಲ್ಲಿ ನಿಜವಾಗಿಯೂ ಮಾಸುತ್ತದೆ. ಕಣ್ಣಿಗೆ ಏನೂ ಮಾಡುವುದಿಲ್ಲ. ನಿಮ್ಮ ಮಗಳದು ಅದಲ್ಲ. ಮುಖದ ಒಂದೇ ಕಡೆ, ದಟ್ಟವಾಗಿ, ಅಂಚು ಗೊತ್ತಾಗುವ ಹಾಗೆ ಇರುವ ಮಚ್ಚೆಗೆ ಪೋರ್ಟ್ ವೈನ್ ಸ್ಟೇನ್ ಅಂತ ಹೆಸರು. ಸಾವಿರ ಕೂಸುಗಳಲ್ಲಿ ಸುಮಾರು ಮೂವರಿಗೆ ಇರುತ್ತದೆ. ಇದು ಮಾಸುವುದಿಲ್ಲ. ಮಗು ಬೆಳೆದಷ್ಟೂ ಅದೂ ಬೆಳೆಯುತ್ತದೆ, ವಯಸ್ಸಾದಂತೆ ಬಣ್ಣ ಗಾಢವಾಗುತ್ತದೆ, ಕೆಲವರಲ್ಲಿ ದಪ್ಪವೂ ಆಗುತ್ತದೆ.

ಮೂರನೆಯ ಜಾತಿ ಒಂದಿದೆ. ಅದು ಹುಟ್ಟಿದಾಗ ಇರುವುದೇ ಇಲ್ಲ, ಅಥವಾ ಸಣ್ಣ ಚುಕ್ಕೆ ಇರುತ್ತದೆ. ಎರಡು-ಮೂರು ವಾರ ಕಳೆದ ಮೇಲೆ ಕೆಂಪಗೆ ಉಬ್ಬಿ, ಮೊದಲ ಐದು ತಿಂಗಳು ಭರಭರನೆ ಬೆಳೆಯುತ್ತದೆ. ಇದು ಹೆಮಾಂಜಿಯೋಮಾ. ಮುಂದೆ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. ಕುಗ್ಗುತ್ತದೆ ಅಂತ ಸುಮ್ನೆ ಕೂರುವುದು ಮಾತ್ರ ತಪ್ಪು. ರೆಪ್ಪೆಯ ಮೇಲಿದ್ದರೆ ಅದು ಕಣ್ಣನ್ನು ಮುಚ್ಚುತ್ತದೆ ಅಥವಾ ಒತ್ತಿ ಆಕಾರ ಕೆಡಿಸುತ್ತದೆ. ಆ ಕಣ್ಣಿಂದ ಸರಿಯಾದ ಚಿತ್ರ ಸಿಗದಿದ್ದರೆ ಮಗುವಿನ ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟುಬಿಡುತ್ತದೆ. ಇದಕ್ಕೆ ಸೋಮಾರಿ ಕಣ್ಣು ಅಂತಾರೆ. ಆಮೇಲೆ ಗಂಟು ಕರಗಿದರೂ ದೃಷ್ಟಿ ಪೂರ್ತಿ ಬರುವುದಿಲ್ಲ. ಇದಕ್ಕೆ ಈಗ ಪ್ರೊಪ್ರಾನೊಲಾಲ್ ಅನ್ನುವ ಔಷಧಿ ಇದೆ. ಮೊದಲಿನಿಂದ ಹೃದಯಕ್ಕೂ ಬಿಪಿಗೂ ಕೊಡುತ್ತಿದ್ದದ್ದು. ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಬೇರೆ ಕಾರಣಕ್ಕೆ ಒಂದು ಮಗುವಿಗೆ ಕೊಟ್ಟಾಗ ಗಂಟು ಕರಗುವುದನ್ನು ಕಂಡು, 2008ರಲ್ಲಿ ಅದನ್ನು ಪ್ರಕಟಿಸಿದರು. ಮಕ್ಕಳ ಡಾಕ್ಟರ ನಿಗಾದಲ್ಲೇ ಕೊಡಬೇಕು, ಹಾಲು ಕುಡಿಸಿದ ಮೇಲೇ ಕೊಡಬೇಕು. ಹಸಿದ ಹೊಟ್ಟೆಯಲ್ಲಿ ಕೊಟ್ಟರೆ ಸಕ್ಕರೆ ಇಳಿದು ಮಗು ಸುಸ್ತಾಗುತ್ತದೆ. ನಿಮ್ಮ ಮಗಳಿಗೆ ಇದು ಬೇಕಿಲ್ಲ, ಅವಳ ಮಚ್ಚೆ ಹುಟ್ಟಿದ ದಿನವೇ ಇತ್ತು. ಇದನ್ನು ಓದುವ ಇನ್ನೊಬ್ಬ ತಾಯಿಗೆ ಬೇಕಾಗಬಹುದು ಅಂತ ಬರೆದೆ.

ಇನ್ನು ನಿಮ್ಮ ಮಗಳ ಕಣ್ಣಿನ ವಿಷಯಕ್ಕೆ ಬರೋಣ.

ಮಚ್ಚೆ ಎಷ್ಟು ಕೆಂಪು ಅನ್ನುವುದು ನನಗೆ ಮುಖ್ಯ ಅಲ್ಲ. ಎಲ್ಲಿದೆ ಅನ್ನುವುದು ಮುಖ್ಯ. ಕೆನ್ನೆಯ ಕೆಳಗೆ, ತುಟಿ, ಗದ್ದದ ಮೇಲೆ ಮಾತ್ರ ಇದ್ದರೆ ಕಣ್ಣಿಗೆ ಅಪಾಯ ಬಹಳ ಕಡಿಮೆ. ಹಣೆ ಮತ್ತು ಮೇಲಿನ ರೆಪ್ಪೆ ಸೇರಿದ್ದರೆ ನಾನು ಎಚ್ಚರವಾಗುತ್ತೇನೆ. ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಎರಡೂ ಸೇರಿದ್ದರೆ ಅಪಾಯ ಇನ್ನೂ ಜಾಸ್ತಿ. ಯಾಕೆಂದರೆ ರೆಪ್ಪೆಯ ರಕ್ತನಾಳಗಳು ಹಾದಿ ತಪ್ಪಿದ್ದರೆ, ಅದರ ಹಿಂದೆಯೇ ಇರುವ ಕಣ್ಣುಗುಡ್ಡೆಯ ರಕ್ತನಾಳಗಳೂ ಹಾಗೇ ಆಗಿರುವ ಸಾಧ್ಯತೆ ಇದೆ. ಅಲ್ವಾ? ಒಂದೇ ಹೊಲದ ಬೆಳೆ.

ಕಣ್ಣೊಳಗೆ ಸದಾ ಒಂದು ತಿಳಿನೀರು ಹುಟ್ಟುತ್ತಿರುತ್ತದೆ. ಇದು ಕಣ್ಣೀರಲ್ಲ, ಒಳಗಿನದು. ಅದು ಕಣ್ಣನ್ನು ಸಾಕಿ, ಕರಿಗುಡ್ಡೆಯ ಅಂಚಿನಲ್ಲಿರುವ ಜಾಲರಿಯ ಮೂಲಕ ಹೊರಗೆ ಹೋಗಿ ರಕ್ತನಾಳ ಸೇರುತ್ತದೆ. ಮನೆಯ ಬಚ್ಚಲನ್ನು ನೆನೆಸಿಕೊಳ್ಳಿ. ಬಚ್ಚಲಲ್ಲಿ ನೀರು ನಿಲ್ಲುವುದಕ್ಕೆ ಎರಡು ಕಾರಣ. ಒಂದು, ಬಚ್ಚಲಿನ ತೂಬೇ ಸರಿಯಾಗಿ ಕಟ್ಟಿಲ್ಲ. ಇನ್ನೊಂದು, ತೂಬು ಚೆನ್ನಾಗಿದೆ, ಆದರೆ ಹೊರಗೆ ಓಣಿಯ ಚರಂಡಿಯೇ ತುಂಬಿ ನಿಂತಿದೆ, ಹಾಗಾಗಿ ನಮ್ಮ ನೀರು ಹೋಗುವುದಿಲ್ಲ. ಈ ಮಚ್ಚೆಯ ಮಕ್ಕಳಲ್ಲಿ ಎರಡೂ ಆಗುತ್ತವೆ. ಹುಟ್ಟುತ್ತಲೇ ಜಾಲರಿ ಸರಿಯಾಗಿ ಬೆಳೆದಿಲ್ಲದಿದ್ದರೆ ಮೊದಲ ವರ್ಷದಲ್ಲೇ ಒತ್ತಡ ಏರುತ್ತದೆ. ಜಾಲರಿ ಸರಿಯಿದ್ದು, ಹೊರಗಿನ ಮಚ್ಚೆಯ ರಕ್ತನಾಳಗಳಲ್ಲಿ ಒತ್ತಡ ಜಾಸ್ತಿ ಇದ್ದರೆ ಐದನೇ ವಯಸ್ಸಿಗೋ, ಹದಿನೈದಕ್ಕೋ, ಮದುವೆಯ ವಯಸ್ಸಿಗೋ ಏರಬಹುದು.

ಕೂಸಿನ ಕಣ್ಣು ಮೆತ್ತಗಿರುತ್ತದೆ. ಒಳಗೆ ಒತ್ತಡ ಏರಿದರೆ ಬಲೂನಿನ ಹಾಗೆ ಹಿಗ್ಗುತ್ತದೆ. ಹುಟ್ಟಿದ ಕೂಸಿನ ಕರಿಗುಡ್ಡೆಯ ಅಗಲ ಸುಮಾರು 10 ಮಿಲಿಮೀಟರ್. ಒಂದು ವರ್ಷದೊಳಗೆ ಅದು 12 ದಾಟಿದರೆ ನಾವು ಗಾಬರಿಯಾಗುತ್ತೇವೆ. ಡಾಕ್ಟರುಗಳು ಇದಕ್ಕೆ ಇಟ್ಟ ಗ್ರೀಕ್ ಹೆಸರಿನ ಅರ್ಥ 'ಎತ್ತಿನ ಕಣ್ಣು'. ನಮ್ಮ ಜನ ಅದನ್ನೇ ಲಕ್ಷ್ಮಿ ಕಣ್ಣು ಅಂತಾರೆ. ಮಗುವಿನ ಎರಡೂ ಕಣ್ಣು ಸಮನಾಗಿ ದೊಡ್ಡದಾಗಿದ್ದು, ಹೊಳೆಯುತ್ತಿದ್ದು, ಬೆಳಕಿಗೆ ಅಂಜದಿದ್ದರೆ ಅದು ಚೆಂದವೇ ಇರಬಹುದು. ಒಂದೇ ಕಣ್ಣು ದೊಡ್ಡದಾದರೆ ಅದು ಚೆಂದ ಅಲ್ಲ. ಒಳಗೆ ಒತ್ತಡ ಏರಿದ್ದರ ಗುರುತು. ಹಿಗ್ಗುವಾಗ ಕರಿಗುಡ್ಡೆಯ ಒಳಪದರ ಬಿರುಕು ಬಿಡುತ್ತದೆ, ಅದಕ್ಕೇ ನೀರು, ಅದಕ್ಕೇ ಬೆಳಕಿನ ಅಂಜಿಕೆ. ಕೆಲವೊಮ್ಮೆ ಕರಿಗುಡ್ಡೆ ಮಂಜು ಹಿಡಿದ ಗಾಜಿನ ಹಾಗೆ ಮಸುಕಾಗುತ್ತದೆ.

ನಮ್ಮ ಕಲಬುರಗಿ ಬಿಸಿಲಿಗೆ ಕಣ್ಣು ಮುಚ್ಚದವರು ಯಾರಿದ್ದಾರೆ? ಹಾಗಾಗಿ ಇಲ್ಲಿ ಬೆಳಕಿನ ಅಂಜಿಕೆಯನ್ನು ಜನ ಬಿಸಿಲಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸಂಜೆ, ಸೂರ್ಯ ಮುಳುಗಿದ ಮೇಲೆ, ಒಳಮನೆಯಲ್ಲಿ ಮಂದ ಬೆಳಕಿನಲ್ಲಿ ಮಗುವನ್ನು ಆಡಿಸಿ. ಎರಡೂ ಕಣ್ಣು ಚೆನ್ನಾಗಿ ತೆರೆದು ನಗುತ್ತಾಳಾ? ಆಮೇಲೆ ಟ್ಯೂಬ್‌ಲೈಟ್ ಹಾಕಿ. ಟ್ಯೂಬ್‌ಲೈಟಿಗೇ ಎಡಗಣ್ಣು ಬಿಗಿಯಾಗಿ ಮುಚ್ಚಿದರೆ ಅದು ಬಿಸಿಲಿನ ಮಾತಲ್ಲ. ಈ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಅಂತ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ ಮತ್ತೆ.

ಕೂಸಿನ ಕಣ್ಣಲ್ಲಿ ನೀರು ಬರಲು ಬೇರೆ ಕಾರಣ ಇಲ್ಲವೇ ಅಂದರೆ, ಇದೆ. ಬಹಳ ಮಕ್ಕಳಲ್ಲಿ ಕಣ್ಣಿನಿಂದ ಮೂಗಿಗೆ ಹೋಗುವ ನಾಳ ಕಟ್ಟಿಕೊಂಡಿರುತ್ತದೆ. ಅಲ್ಲಿ ನೀರಿನ ಜೊತೆ ಗೀಜು ಬರುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ. ಆದರೆ ಮಗು ಬೆಳಕಿಗೆ ಹೆದರುವುದಿಲ್ಲ, ಕಣ್ಣೂ ದೊಡ್ಡದಾಗುವುದಿಲ್ಲ. ಮೂಗಿನ ಪಕ್ಕ ಒತ್ತಿ ಮಸಾಜ್ ಮಾಡಲು ಹೇಳಿ ಕಳಿಸುತ್ತಾರೆ. ಮಚ್ಚೆ ಇರುವ ಮಗುವಿಗೆ ಒತ್ತಡ ಅಳೆಯದೆ ಬರೀ ಮಸಾಜ್ ಹೇಳಿ ಕಳಿಸಿದರೆ ನೀವೇ ಕೇಳಿ: "ಒತ್ತಡ ಎಷ್ಟಿದೆ ನೋಡಿದ್ರಾ ಡಾಕ್ಟ್ರೇ?" ಹೀಗೆ ಕೇಳುವುದು ತಪ್ಪಲ್ಲ. ಒಳ್ಳೆಯ ಡಾಕ್ಟರಿಗೆ ಬೇಸರವೂ ಆಗುವುದಿಲ್ಲ.

ಒತ್ತಡವನ್ನು ಹೇಗೆ ಅಳೆಯುತ್ತಾರೆ? ದೊಡ್ಡವರಿಗೆ ಎರಡು ನಿಮಿಷದ ಕೆಲಸ. ದೊಡ್ಡವರಲ್ಲಿ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ಒಳಗೆ ಇರಬೇಕು. ಕೂಸುಗಳಲ್ಲಿ ಇನ್ನೂ ಕಡಿಮೆ ಇರುತ್ತದೆ. ಕೂಸು ಹಾಲು ಕುಡಿಯುವಾಗ ಅಥವಾ ನಿದ್ದೆಯಲ್ಲಿ ಒಂದು ಸಣ್ಣ ಯಂತ್ರ ಮುಟ್ಟಿಸಿ ಅಳೆಯಬಹುದು. ಅತ್ತರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಅನುಮಾನ ಗಟ್ಟಿಯಿದ್ದರೆ ಸ್ವಲ್ಪ ಹೊತ್ತು ಅರಿವಳಿಕೆ ಕೊಟ್ಟು, ಒತ್ತಡ, ಕರಿಗುಡ್ಡೆಯ ಅಗಲ, ಕಣ್ಣಿನ ಉದ್ದ, ಹಿಂದಿನ ನರ, ಎಲ್ಲವನ್ನೂ ಒಂದೇ ಸಲಕ್ಕೆ ನೋಡುತ್ತಾರೆ. ಅರಿವಳಿಕೆ ಅಂದರೆ ತಾಯಂದಿರ ಜೀವ ಹೋಗುತ್ತದೆ, ಗೊತ್ತು. ಅಪಾಯ ಪೂರ್ತಿ ಇಲ್ಲ ಅನ್ನಲಾರೆ. ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ಇರುವ ಕಡೆ ಅದು ಬಹಳ ಸಣ್ಣದು. ಪರೀಕ್ಷೆ ಮಾಡಿಸದೆ ಬಿಟ್ಟರೆ ಕಣ್ಣು ಹೋಗುವ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು.

ಒತ್ತಡದ ಜೊತೆಗೆ ಇನ್ನೊಂದನ್ನೂ ನೋಡಬೇಕು. ಕಣ್ಣಿನ ಹಿಂಭಾಗದಲ್ಲಿ ರಕ್ತನಾಳದ ಪದರ ಒಂದಿದೆ. ಕೆಲವರಲ್ಲಿ ಅದೂ ಮಚ್ಚೆಯ ಹಾಗೆ ದಪ್ಪಗಾಗಿರುತ್ತದೆ. ಒಳಗಿಂದ ನೋಡಿದರೆ ಟೊಮೆಟೊ ಸಾಸಿನ ಬಣ್ಣ. ಹಾಗಿದ್ದರೆ ಕಣ್ಣಿಗೆ ಪ್ಲಸ್ ಪವರ್ ಬರಬಹುದು, ಮುಂದೊಂದು ದಿನ ಕಣ್ಣೊಳಗೆ ಚಿತ್ರ ಮೂಡುವ ಪರದೆಯ ಹಿಂದೆ ನೀರು ತುಂಬಬಹುದು. ಶಸ್ತ್ರಚಿಕಿತ್ಸೆಗೆ ಮೊದಲೇ ಇದು ಗೊತ್ತಿರಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒತ್ತಡ ಏರಿದೆ ಅಂತ ತಿಳಿದರೆ ದಾರಿ ಎರಡು. ಹನಿ ಔಷಧಿ, ಇಲ್ಲವೇ ಶಸ್ತ್ರಚಿಕಿತ್ಸೆ. ಏಳು ತಿಂಗಳ ಕೂಸಿನಲ್ಲಿ ಕಣ್ಣು ಹಿಗ್ಗಿದೆ ಅಂದರೆ ಬರೀ ಹನಿಗಳಿಂದ ಕೆಲಸ ಮುಗಿಯುವುದು ಕಷ್ಟ. ಶಸ್ತ್ರಚಿಕಿತ್ಸೆಯವರೆಗೆ ಒತ್ತಡ ಇಳಿಸಿಡಲು, ಆದ ಮೇಲೂ ಹತೋಟಿಯಲ್ಲಿಡಲು ಹನಿ ಬೇಕಾಗುತ್ತದೆ. ಆ ಹನಿಗಳೂ ಸಣ್ಣ ವಿಷಯ ಅಲ್ಲ. ಟಿಮೊಲಾಲ್ ಅನ್ನುವುದು ರಕ್ತಕ್ಕೆ ಇಳಿದರೆ ಕೂಸಿನ ಉಸಿರು, ನಾಡಿ ನಿಧಾನ ಆಗಬಹುದು. ಹನಿ ಹಾಕಿದ ಮೇಲೆ ಕಣ್ಣಿನ ಮೂಗಿನ ಕಡೆಯ ಮೂಲೆಯನ್ನು ಎರಡು ನಿಮಿಷ ಮೆತ್ತಗೆ ಒತ್ತಿ ಹಿಡಿದರೆ ರಕ್ತಕ್ಕೆ ಇಳಿಯುವುದು ಕಡಿಮೆ. ಬ್ರಿಮೊನಿಡಿನ್ ಅನ್ನುವುದನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಾಕಲೇಬಾರದು. ಮಗು ಮಂಕಾಗಿ, ಉಸಿರು ನಿಲ್ಲುವವರೆಗೂ ಹೋಗಬಹುದು. ಮನೆಯಲ್ಲಿ ಅಜ್ಜನಿಗೆ ಗ್ಲಾಕೋಮಾ ಇದ್ದು ಫ್ರಿಜ್ಜಿನಲ್ಲಿ ಅವರ ಹನಿ ಬಾಟಲಿ ಇರುತ್ತದೆ ನೋಡಿ. 'ಅದೇ ಕಾಯಿಲೆ ತಾನೇ' ಅಂತ ಅದನ್ನು ಕೂಸಿಗೆ ಹಾಕುವುದು ಬೇಡ.

ಶಸ್ತ್ರಚಿಕಿತ್ಸೆಯಲ್ಲಿ ಮೊದಲು ಜಾಲರಿಯನ್ನು ಬಿಡಿಸಿ ನೀರಿಗೆ ದಾರಿ ಮಾಡುತ್ತಾರೆ. ಮಚ್ಚೆ ಇಲ್ಲದ ಕೂಸುಗಳ ಗ್ಲಾಕೋಮಾದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಚ್ಚೆಯ ಮಕ್ಕಳಲ್ಲಿ ಅಷ್ಟು ಅಲ್ಲ, ಯಾಕೆಂದರೆ ತೂಬು ಸರಿಮಾಡಿದರೂ ಓಣಿಯ ಚರಂಡಿ ಹಾಗೇ ಇದೆಯಲ್ಲ. ಅದಕ್ಕೆ ಎರಡನೇ ಸಲ, ಮೂರನೇ ಸಲ ಮಾಡಬೇಕಾಗಬಹುದು. ಹೊಸ ದಾರಿ ಕೊರೆಯಬೇಕಾಗಬಹುದು, ಸಣ್ಣ ನಳಿಗೆ ಕೂರಿಸಬೇಕಾಗಬಹುದು. ಕಣ್ಣಿನ ಹಿಂದೆ ದಪ್ಪ ಪದರ ಇದ್ದರೆ ಇನ್ನೊಂದು ಅಪಾಯ. ಆಪರೇಷನ್ನಿನಲ್ಲಿ ಕಣ್ಣನ್ನು ಕೊಯ್ದಾಗ ಒತ್ತಡ ಒಮ್ಮೆಲೇ ಇಳಿದು, ಹಿಂದಿನ ರಕ್ತನಾಳಗಳಿಂದ ನೀರು ಅಥವಾ ರಕ್ತ ಉಕ್ಕಬಹುದು. ಈ ಒಂದು ಕಾರಣಕ್ಕೇ ನಾನು ಇಂಥ ಮಕ್ಕಳನ್ನು ನಾನೇ ಆಪರೇಷನ್ ಮಾಡುವುದಿಲ್ಲ. ದಿನಾ ಮಕ್ಕಳ ಗ್ಲಾಕೋಮಾ ಮಾಡುವ ಕೈಗಳಿಗೆ ಕಳಿಸುತ್ತೇನೆ.

ಆಪರೇಷನ್ ಚೆನ್ನಾಗಿ ಆಯಿತು ಅಂದ ಮೇಲೂ ಕನ್ನಡಕ, ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಗಂಟೆ ಪಟ್ಟಿ ಕಟ್ಟುವುದು, ಇವೆಲ್ಲ ಬರುತ್ತವೆ. ಸೋಮಾರಿ ಕಣ್ಣನ್ನು ಎಬ್ಬಿಸುವ ಕೆಲಸ ಅದು. ಮಗು ಕಿತ್ತೆಸೆಯುತ್ತದೆ, ಅಳುತ್ತದೆ. ಬಹಳ ಮನೆಗಳಲ್ಲಿ ಇಲ್ಲೇ ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಅಫಜಲಪುರ ಕಡೆಯ ಎರಡು ವರ್ಷದ ಹುಡುಗನನ್ನು ತಂದಿದ್ದರು. ಹಣೆ, ರೆಪ್ಪೆಯ ಮೇಲೆ ಇಂಥದ್ದೇ ಮಚ್ಚೆ. ಒತ್ತಡ ನೋಡಿದೆ, ಸರಿಯಿತ್ತು. 'ಏನೂ ಇಲ್ಲ, ಆರಾಮ ಇರಿ' ಅಂತ ಕಳಿಸಿದೆ. ಒಂಬತ್ತು ವರ್ಷದ ಮೇಲೆ ಅದೇ ಹುಡುಗ ಬಂದ. ಬೋರ್ಡಿನ ಮೇಲೆ ಬರೆದದ್ದು ಕಾಣುವುದಿಲ್ಲ ಅಂತ ಮಾಸ್ತರರು ಕಳಿಸಿದ್ದರು. ಮಚ್ಚೆಯ ಕಡೆಯ ಕಣ್ಣಲ್ಲಿ ಬೆಳಕು-ಕತ್ತಲೆ ಮಾತ್ರ ಗೊತ್ತಾಗುತ್ತಿತ್ತು. ಒತ್ತಡದಿಂದ ನರ ಪೂರ್ತಿ ಒಣಗಿತ್ತು. ಸತ್ತ ನರ ಮತ್ತೆ ಚಿಗುರುವುದಿಲ್ಲ. ಮೂರು ವರ್ಷ ದಾಟಿದ ಮೇಲೆ ಕಣ್ಣು ಗಟ್ಟಿಯಾಗುತ್ತದೆ, ಒತ್ತಡ ಏರಿದರೂ ಹಿಗ್ಗುವುದಿಲ್ಲ, ನೀರು ಬರುವುದಿಲ್ಲ, ನೋವೂ ಇರುವುದಿಲ್ಲ. ಅವರ ತಂದೆ ಒಂದೇ ಮಾತು ಕೇಳಿದರು: "ಮತ್ತ ಬರ್ರಿ ಅಂತ ನೀವು ಹೇಳಿದ್ರ ಬರ್ತಿದ್ವಿ ಅಲ್ರೀ?" ಬರುತ್ತಿದ್ದರು. ನಾನು ಹೇಳಿರಲಿಲ್ಲ.

ಅಂದಿನಿಂದ ರೆಪ್ಪೆಯ ಮೇಲೆ ಮಚ್ಚೆ ಇರುವ ಯಾವ ಮಗುವಿಗೂ 'ಏನೂ ಇಲ್ಲ' ಅನ್ನುವುದನ್ನು ಬಿಟ್ಟೆ. 'ಇವತ್ತು ಏನೂ ಇಲ್ಲ' ಅನ್ನುತ್ತೇನೆ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ದೊಡ್ಡವರಾದ ಮೇಲೆ ವರ್ಷಕ್ಕೊಮ್ಮೆ. ಜೀವನ ಪೂರ್ತಿ.

ಮಚ್ಚೆ ಇದ್ದವರಿಗೆಲ್ಲ ಗ್ಲಾಕೋಮಾ ಬರುತ್ತದೆ ಅಂತ ಅಲ್ಲ. ಚರ್ಮ, ಕಣ್ಣು, ಮೆದುಳಿನ ಹೊದಿಕೆ ಮೂರರ ರಕ್ತನಾಳಗಳಿಗೂ ಸಂಬಂಧಿಸಿದ ಸ್ಟರ್ಜ್-ವೆಬರ್ ಅನ್ನುವ ಸ್ಥಿತಿ ಇದೆ. ಲಂಡನ್ನಿನ ವೈದ್ಯ ಸ್ಟರ್ಜ್ 1879ರಲ್ಲಿ ಒಬ್ಬ ಬಾಲಕಿಯಲ್ಲಿ ಇದನ್ನು ಗುರುತಿಸಿದರು. ಇದು ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಗ್ಲಾಕೋಮಾ ಆಗುತ್ತದೆ. ಮೆದುಳಿಗೆ ಏನೂ ಆಗದೆ ಕಣ್ಣಿಗೆ ಮಾತ್ರ ಆಗುವುದೂ ಉಂಟು. ನಿಮ್ಮ ಮಗಳ ಹಣೆಯ ಮೇಲೂ ಮಚ್ಚೆ ಇರುವುದರಿಂದ ಮಕ್ಕಳ ನರರೋಗ ತಜ್ಞರಿಗೂ ಒಮ್ಮೆ ತೋರಿಸಬೇಕು. ಅವರು ಎಂಆರ್‌ಐ ಬೇಕಾ ಅಂತ ಹೇಳುತ್ತಾರೆ. ಬಲಗೈ, ಬಲಗಾಲು ಎಡಗಡೆಯಷ್ಟು ಆಡಿಸುತ್ತಿಲ್ಲ ಅನ್ನಿಸಿದರೆ, ದೃಷ್ಟಿ ಒಂದು ಕಡೆ ನೆಟ್ಟು ಮೈ ಜುಮ್ಮೆಂದು ಅದುರಿದರೆ, ಮೆದುಳಿಗೂ ತೊಂದರೆ ಆಗಿರಬಹುದು. ಹೀಗೆ ಅದುರುವುದು ಮೂರ್ಛೆ ಇರಬಹುದು. ಹೆಚ್ಚಿನವರಲ್ಲಿ ಮೊದಲ ವರ್ಷದಲ್ಲೇ ಶುರುವಾಗುತ್ತದೆ. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ, ತಕ್ಷಣ ಆಸ್ಪತ್ರೆಗೆ ಓಡಿ. ಎಡ ಮುಖದ ಮಚ್ಚೆಗೆ ಬಲ ಮೈ ಯಾಕೆ ಅಂದರೆ, ಎಡ ಮೆದುಳು ಬಲ ಮೈಯನ್ನು ನಡೆಸುತ್ತದೆ.

ಲೇಸರ್ ಬಗ್ಗೆ ಕೇಳಿದ್ದೀರಿ. ಮಚ್ಚೆಗೆ ಮಾಡುವುದು ಪಲ್ಸ್ಡ್ ಡೈ ಲೇಸರ್. ಅದರ ಬೆಳಕು ರಕ್ತದ ಕೆಂಪನ್ನು ಹುಡುಕಿಕೊಂಡು ಹೋಗಿ ಆ ನಾಳವನ್ನು ಮುಚ್ಚುತ್ತದೆ. ರೆಪ್ಪೆಯ ಒಳಗೆ ಲೋಹದ ರಕ್ಷಾ ಕವಚ ಇಟ್ಟು ಮಾಡಿದರೆ ಕಣ್ಣಿಗೆ ಹಾನಿ ಇಲ್ಲ. ಕವಚ ಇಲ್ಲದೆ ರೆಪ್ಪೆಯ ಮೇಲೆ ಲೇಸರ್ ಮಾಡುವವರ ಹತ್ತಿರ ಹೋಗಬೇಡಿ. 'ದೃಷ್ಟಿ ಹೋಗುತ್ತದೆ' ಅನ್ನುವ ಮಾತಿನ ಬೇರು ಇಲ್ಲೇ ಇದೆ. ಸಣ್ಣ ವಯಸ್ಸಿನಲ್ಲಿ ಶುರು ಮಾಡಿದರೆ ಬಣ್ಣ ಚೆನ್ನಾಗಿ ತಿಳಿಯಾಗುತ್ತದೆ. ಆದರೆ ಒಂದು ಸಲಕ್ಕೆ ಮುಗಿಯುವುದಿಲ್ಲ, ಹಲವು ಸಲ ಬೇಕು, ಪೂರ್ತಿ ಹೋಗುತ್ತದೆ ಅನ್ನುವ ಭರವಸೆಯೂ ಇಲ್ಲ. ಇನ್ನೊಂದು ತಿಳಿದಿರಲಿ: ಚರ್ಮದ ಲೇಸರ್‌ನಿಂದ ಗ್ಲಾಕೋಮಾ ವಾಸಿಯಾಗುವುದಿಲ್ಲ, ಬರದಂತೆ ತಡೆಯುವುದೂ ಇಲ್ಲ. ಮುಖ ತಿಳಿಯಾಯಿತು ಅಂತ ಕಣ್ಣಿನ ಪರೀಕ್ಷೆ ನಿಲ್ಲಿಸಿದವರನ್ನು ನೋಡಿದ್ದೇನೆ. ನಿಮ್ಮ ವಿಷಯದಲ್ಲಿ ಮೊದಲು ಕಣ್ಣು, ಆಮೇಲೆ ಲೇಸರ್.

ನಿಮ್ಮ ನಾದಿನಿಯದು ಬೇರೆಯೇ ಜಾತಿ. ನೀವು ಬರೆದ ರೀತಿ ನೋಡಿದರೆ ಅದು ನೀವಸ್ ಆಫ್ ಓಟಾ. ಜಪಾನಿನ ಚರ್ಮವೈದ್ಯ ಓಟಾ 1939ರಲ್ಲಿ ಇದನ್ನು ವಿವರಿಸಿದರು. ಅವರು ತಮ್ಮ ನಾಡಿನಲ್ಲಿ ಕವಿಯಾಗಿಯೂ ಹೆಸರು ಮಾಡಿದವರು. ಇಲ್ಲಿ ರಕ್ತನಾಳದ ತಪ್ಪಿಲ್ಲ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಕಣಗಳು ಆಳದಲ್ಲಿ ಉಳಿದುಬಿಟ್ಟಿರುತ್ತವೆ, ಆಳದ ಕಪ್ಪು ಮೇಲಿಂದ ನೀಲಿಯಾಗಿ ಕಾಣುತ್ತದೆ. ನಮ್ಮ ಏಷ್ಯಾದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಜಾಸ್ತಿ. ವಯಸ್ಸಿಗೆ ಬಂದಾಗ, ಬಸುರಿಯಾದಾಗ ಗಾಢವಾಗಬಹುದು. ಬಣ್ಣ ಕಣ್ಣೊಳಗಿನ ಜಾಲರಿಯಲ್ಲೂ ಕೂತರೆ ಇವರಿಗೂ ಒತ್ತಡ ಏರಬಹುದು, ಸುಮಾರು ಹತ್ತರಲ್ಲಿ ಒಬ್ಬರಿಗೆ. ಬಹಳ ಅಪರೂಪಕ್ಕೆ ಕಣ್ಣೊಳಗೆ ಮೆಲನೋಮಾ ಅನ್ನುವ ಕ್ಯಾನ್ಸರ್ ಆಗುತ್ತದೆ. ಬಿಳಿಯ ಜನರಿಗೆ ಹೋಲಿಸಿದರೆ ನಮ್ಮವರಲ್ಲಿ ಅದು ತೀರಾ ಕಡಿಮೆ, ಹೆದರಬೇಡಿ. ಆದರೆ ವರ್ಷಕ್ಕೊಮ್ಮೆ ಹನಿ ಹಾಕಿ ಪಾಪೆ ಅಗಲಿಸಿ ಒಳಗೆ ನೋಡಿಸಿಕೊಳ್ಳಬೇಕು.

ನನಗೆ ಅವಳ ಮಚ್ಚೆಗಿಂತ ಆ ಕ್ರೀಮಿನ ಚಿಂತೆ ಜಾಸ್ತಿ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತ ಇದೆಯಾ ನೋಡಿ. ಇದ್ದರೆ ಅದು ಸ್ಟೀರಾಯ್ಡ್. ಚೀಟಿ ಇಲ್ಲದೆ ಮುಖ ಬೆಳ್ಳಗಾಗಲಿ ಅಂತ ಕೊಂಡು ಹಚ್ಚುವವರು ನಮ್ಮ ಕಡೆ ಬಹಳ. ಕಣ್ಣಿನ ಸುತ್ತ ತಿಂಗಳುಗಟ್ಟಲೆ ಹಚ್ಚಿದರೆ ಸ್ಟೀರಾಯ್ಡೇ ಗ್ಲಾಕೋಮಾ ತರುತ್ತದೆ, ಪೊರೆಯನ್ನೂ ತರುತ್ತದೆ. ಮಚ್ಚೆಗೆ ಅದರಿಂದ ಕಿಂಚಿತ್ತೂ ಪ್ರಯೋಜನ ಇಲ್ಲ, ಬಣ್ಣ ಇರುವುದು ಅದು ಮುಟ್ಟದಷ್ಟು ಆಳದಲ್ಲಿ. ಬಹಳ ದಿನ ಹಚ್ಚಿದ್ದರೆ ಒಮ್ಮೆಲೇ ಬಿಟ್ಟಾಗ ಮುಖ ಉರಿದು ಕೆಂಪಾಗಬಹುದು, ಅದಕ್ಕೆ ಚರ್ಮದ ಡಾಕ್ಟರಿಗೆ ತೋರಿಸಿ ಬಿಡಲಿ. ಈ ಮಚ್ಚೆಗೆ ಬೇರೆ ಲೇಸರ್ ಇದೆ, ಕ್ಯೂ-ಸ್ವಿಚ್ಡ್ ಅಂತ. ಚರ್ಮದ ಬಣ್ಣ ಚೆನ್ನಾಗಿ ಹೋಗುತ್ತದೆ. ಕಣ್ಣಿನ ಬಿಳಿ ಭಾಗದ ಬೂದಿ ಬಣ್ಣ ಹೋಗುವುದಿಲ್ಲ, ಅದನ್ನು ತೆಗೆಸಲು ಹೋಗುವುದೂ ಬೇಡ. ಮಗುವಿನ ಜೊತೆ ಅವಳನ್ನೂ ಕರೆದುಕೊಂಡು ಹೋಗಿ ಒತ್ತಡ ಅಳೆಸಿ. ವರನ ಕಡೆಯವರು ಕೇಳಿದರೆ ಹೇಳಲಿ: ಇದು ಅಂಟುವುದಿಲ್ಲ.

ಮನೆಮದ್ದಿನ ಬಗ್ಗೆ ಒಂದೇ ಮಾತು. ಕೊರಳಿಗೆ ತಾಯತ ಕಟ್ಟಿ, ಶರಣಬಸಪ್ಪನ ಗುಡಿಗೋ ಬಂದೇನವಾಜರ ದರ್ಗಾಕ್ಕೋ ಹರಕೆ ಹೊರಿ, ನಾನು ಬೇಡ ಅನ್ನುವುದಿಲ್ಲ. ಕಣ್ಣೊಳಗೆ ಮಾತ್ರ ಏನೂ ಹಾಕಬೇಡಿ. ಎದೆಹಾಲು, ಜೇನು, ಎಣ್ಣೆ, ಕಾಡಿಗೆ, ಯಾವುದೂ ಬೇಡ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ಮಚ್ಚೆಯನ್ನು ತಿಕ್ಕುವುದೂ ಬೇಡ, ಒತ್ತಡ ಏರಿದ ಕಣ್ಣಿಗೆ ಪೆಟ್ಟು ಬಿದ್ದರೆ ಅಪಾಯ.

ಎಲ್ಲಿಗೆ ಹೋಗುವುದು? ಮೊದಲು ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗ. ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಅಲ್ಲಿನ ಯಿಮ್ಸ್. ಗ್ಲಾಕೋಮಾ ಅಂತ ಖಾತ್ರಿಯಾದರೆ ಮಕ್ಕಳ ಗ್ಲಾಕೋಮಾ ನೋಡುವ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಬೆಂಗಳೂರಿನ ಮಿಂಟೋ ಇದೆ. ನಿಮಗೆ ಹೈದರಾಬಾದೇ ಹತ್ತಿರ, ಸೇಡಂನಲ್ಲಿ ರೈಲು ಹತ್ತಿದರೆ ತಾಂಡೂರು ದಾಟಿ ಕೆಲವೇ ಗಂಟೆ. ಅಲ್ಲಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯಲ್ಲಿ ದುಡ್ಡಿಲ್ಲದವರಿಗೆ ಉಚಿತವಾಗಿ ಮಾಡುವ ಪದ್ಧತಿ ಮೊದಲಿನಿಂದ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಯಾವುದಕ್ಕೆ ಖರ್ಚು ಸಿಗುತ್ತದೆ, ಯಾವ ಚೀಟಿ ಬೇಕು ಅಂತ ಕೇಳಿ ಬರೆಸಿಕೊಳ್ಳಿ. ಆಶಾ ಕಾರ್ಯಕರ್ತೆಗೂ ಅಂಗನವಾಡಿಯವರಿಗೂ ತಿಳಿಸಿ. ಮಕ್ಕಳ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದವರು ದೊಡ್ಡ ಆಸ್ಪತ್ರೆಗೆ ಕಳಿಸಲು ಸಹಾಯ ಮಾಡುತ್ತಾರೆ. ಅವರು ಬರಲಿ ಅಂತ ಕಾಯಬೇಡಿ.

ಹೋಗುವಾಗ ತಾಯಿ ಕಾರ್ಡ್ ಮತ್ತು ಇಲ್ಲಿವರೆಗಿನ ಚೀಟಿಗಳ ಜೊತೆ ಫೋಟೋಗಳನ್ನೂ ಒಯ್ಯಿರಿ. ಹುಟ್ಟಿದ ವಾರ ತೆಗೆದದ್ದು, ತೊಟ್ಟಿಲಿಗೆ ಹಾಕಿದ ದಿನದ್ದು, ಮೊನ್ನೆ ಮೊನ್ನೆಯದು. ಎಡಗಣ್ಣು ಯಾವ ತಿಂಗಳಿಂದ ದೊಡ್ಡದಾಗತೊಡಗಿತು ಅನ್ನುವುದು ಆ ಫೋಟೋಗಳಲ್ಲಿ ಕಾಣುತ್ತದೆ, ನೋಡುವ ಡಾಕ್ಟರಿಗೆ ಅದು ಬಹಳ ಬೇಕು. ಬೆಳಿಗ್ಗೆಯ ಮೊದಲ ಗಾಡಿಗೇ ಹೊರಡಿ. ಅರಿವಳಿಕೆಗೆ ಮಗು ಇಷ್ಟು ಗಂಟೆ ಹಾಲು ಕುಡಿದಿರಬಾರದು ಅಂತ ಇರುತ್ತದೆ. ಆ ಲೆಕ್ಕವನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.